ಎಕ್ಕದ ಗಿಡದ ಅತಿಥಿ

“ಅಪ್ಪಾ, ನಮ್ಮ ಹಿತ್ತಲಕ್ಕ ಆಫ್ರಿಕಾದ ರಾಜ ಬಂದಾನ!”

ಶ್ರಾವಣ ಮಾಸದ ಒಂದು ಸಂಜೆ. ಮಾನವಿಯಲ್ಲಿ ಪಾಠಗಳನ್ನು ಮುಗಿಸಿ, ಬಸ್ಸಿನಲ್ಲಿ ರಾಯಚೂರಿಗೆ ಹಿಂದಿರುಗಿ, ಕೈಕಾಲು ತೊಳೆದುಕೊಂಡು ಚಹದ ಬಟ್ಟಲಿಗೆ ಕೈಚಾಚಿದ್ದೆ. ಅಷ್ಟರಲ್ಲಿ ಮಗಳು ಈ ಸುದ್ದಿಯನ್ನು ಹೊತ್ತು ಓಡಿ ಬಂದಳು. ಒಂಬತ್ತು ವರ್ಷದ ಹುಡುಗಿಯ ಪ್ರಪಂಚದಲ್ಲಿ ರಾಜರಿಗೆ ಬರಗಾಲವಿರುವುದಿಲ್ಲ. ಆದ್ದರಿಂದ ನಾನು ಗಾಬರಿಯಾಗದೆ, “ಬಂದವರಿಗೆ ಚಹಾ ಕೊಡಬೇಕಂತ ನಿಮ್ಮವ್ವಗ ಹೇಳು” ಎಂದೆ. ನನ್ನ ವಿನೋದ ಅವಳಿಗೆ ರುಚಿಸಲಿಲ್ಲ. ಕೈಹಿಡಿದು ಎಳೆದುಕೊಂಡೇ ಹೋದಳು.

ಹಿತ್ತಿಲ ಗೋಡೆಯ ಮೂಲೆಯಲ್ಲಿ ಆಳೆತ್ತರದ ಎಕ್ಕದ ಗಿಡವೊಂದಿತ್ತು. ಅದನ್ನು ನಾವಾರೂ ನೆಟ್ಟಿದ್ದಲ್ಲ. ರೇಷ್ಮೆಯ ಎಳೆಗಳ ಕುಚ್ಚನ್ನು ಕಟ್ಟಿಕೊಂಡ ಬೀಜ ಯಾವ ಬಯಲಿನಿಂದಲೋ ತೇಲಿ ಬಂದು, ಕಲ್ಲಿನ ಸಂದಿಯಲ್ಲಿ ಬೇರೂರಿ, ರಾಯಚೂರಿನ ಬಿಸಿಲನ್ನೇ ಊಟ ಮಾಡಿ ಬೆಳೆದ ಗಿಡ ಅದು. ಅದರ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದುವು. ನಮ್ಮವ್ವನಿಗೆ ಅದು ದೇವರ ಗಿಡ. ಶ್ರಾವಣ ಶನಿವಾರ ಬಂತೆಂದರೆ ಅದರ ಹೂಗಳನ್ನು ಪೋಣಿಸಿ ಹನುಮಪ್ಪನಿಗೆ ಮಾಲೆ ಮಾಡುವಳು. ನನ್ನ ಹೆಂಡತಿಗೆ ಅದು ವಿಷದ ಗಿಡ. ಮಕ್ಕಳಿರುವ ಮನೆಯಲ್ಲಿ ಹಾಲು ಸುರಿಸುವ ಗಿಡ ಇರಬಾರದೆಂಬುದು ಅವಳ ವಾದ. ನಾನು ಸಭಾಧ್ಯಕ್ಷನಂತೆ ಎರಡೂ ಪಕ್ಷದ ಮಾತಿಗೆ ತಲೆದೂಗಿ, ಯಾವ ತೀರ್ಮಾನವನ್ನೂ ಕೊಡದೆ ವರ್ಷಗಳನ್ನು ಕಳೆದಿದ್ದೆ.

ಆ ಗಿಡದ ಹೂಗೊಂಚಲ ಮೇಲೆ ರಾಜ ಕುಳಿತಿದ್ದ. ಅಂಗೈ ಅಗಲದ ರೆಕ್ಕೆ. ಮಾಗಿದ ಕಿತ್ತಳೆಗೆ ಸ್ವಲ್ಪ ಕಾವಿ ಬೆರೆಸಿದಂತಹ ಬಣ್ಣ. ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನ ನಡುವೆ ಓರೆಯಾಗಿ ಒಂದು ಬಿಳಿಯ ಪಟ್ಟಿ. ಹಿಂದಿನ ರೆಕ್ಕೆಯ ನಡುವೆ ಕಾಡಿಗೆಯಿಟ್ಟಂತೆ ಕೆಲವು ಕಪ್ಪು ಬೊಟ್ಟುಗಳು. ಅಂಚಿಗೆ ಬಿಳಿಯ ಚುಕ್ಕೆಗಳನ್ನು ಕೂರಿಸಿದ ಕರಿಯ ಸೆರಗು. ನಾವು ಹತ್ತಿರ ಹೋದರೂ ಅದಕ್ಕೆ ಅವಸರವಿರಲಿಲ್ಲ.

“ಇದು ಪಾತರಗಿತ್ತಿ” ಎಂದೆ.

“ಪಾತರಗಿತ್ತಿ ಅಂದ್ರ ಎಲ್ಲಾ ಪಾತರಗಿತ್ತೀನ. ಇದರ ಹೆಸರೇನು?”

ನಾನು ಕನ್ನಡ ಎಂ.ಎ. ಮಾಡಿದವನು. ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ವನ್ನು ತರಗತಿಯಲ್ಲಿ ಎಷ್ಟು ಸಲ ಓದಿಸಿದ್ದೇನೋ ಲೆಕ್ಕವಿಲ್ಲ, ಅದರ ಲಯವನ್ನು ಕುರಿತು ಒಂದು ಗಂಟೆ ಮಾತನಾಡಬಲ್ಲೆ. ಆದರೆ ನನ್ನ ಹಿತ್ತಿಲಲ್ಲಿ ಕುಳಿತ ಒಂದೇ ಒಂದು ಪಾತರಗಿತ್ತಿಯ ಹೆಸರು ನನಗೆ ಗೊತ್ತಿರಲಿಲ್ಲ. ಮಗಳು ಶಾಲೆಯ ಪುಸ್ತಕಭಂಡಾರದಿಂದ ತಂದಿದ್ದ ಚಿತ್ರಗಳ ಪುಸ್ತಕವನ್ನು ಬಿಡಿಸಿ ಒಂದು ಪುಟದ ಮೇಲೆ ಬೆರಳಿಟ್ಟಳು. ಚಿತ್ರ ಅದೇ, ಸಂದೇಹವಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ‘ಆಫ್ರಿಕನ್ ಮೊನಾರ್ಕ್’ ಎಂದಿತ್ತು. ಮೊನಾರ್ಕ್ ಎಂದರೆ ಅರಸ. ಅವಳ ಬಳಿ ಒಂದು ನೋಟುಪುಸ್ತಕವೂ ಇತ್ತು. ಗೆರೆ ಎಳೆದು ನಾಲ್ಕು ಮನೆ ಮಾಡಿದ್ದಳು: ಹೆಸರು, ಬಣ್ಣ, ಊಟ, ಊರು. ಕೊನೆಯ ಮನೆಯಲ್ಲಿ ದುಂಡಗಿನ ಅಕ್ಷರಗಳಲ್ಲಿ ‘ಆಫ್ರಿಕಾ’ ಎಂದು ಬರೆದಾಗಿತ್ತು.

ನನಗೆ ನಗು ಬಂದಿತು. ದೇವದುರ್ಗದಲ್ಲಿ ನಮ್ಮಜ್ಜನ ಹೊಲದ ಬದುವಿನ ಮೇಲೆ ಸಾಲಾಗಿ ಎಕ್ಕದ ಗಿಡಗಳಿದ್ದುವು. ರಥಸಪ್ತಮಿಯ ಬೆಳಗಿನ ಚಳಿಯಲ್ಲಿ ಅಜ್ಜ ಏಳು ಎಕ್ಕದ ಎಲೆಗಳನ್ನು ನಮ್ಮ ತಲೆ ಭುಜಗಳ ಮೇಲಿಟ್ಟು ನೀರು ಹೊಯ್ಯುತ್ತಿದ್ದ. ಆ ಎಲೆಗಳನ್ನು ತರಲು ಹೋದಾಗಲೆಲ್ಲ ಇದೇ ಕಾವಿಯ ಪಾತರಗಿತ್ತಿಗಳು ನಮ್ಮ ಮುಖದ ಮುಂದೆಯೇ ಹಾರಾಡುತ್ತಿದ್ದುವು. ನಾನು ಹುಟ್ಟುವ ಮೊದಲೇ ದೇವದುರ್ಗದಲ್ಲಿದ್ದ ಜೀವಕ್ಕೆ ಈಗ ಆಫ್ರಿಕಾದ ವಿಳಾಸವೆ? ಹಾಗೆಂದು ಮಗಳಿಗೆ ಹೇಳಿದೆ. ಅವಳು ಒಂದು ಗಳಿಗೆ ಯೋಚಿಸಿ ಕೇಳಿದಳು:

“ಹಂಗಾರ ಇದು ನಮ್ದೋ, ಅವರ್ದೋ?”

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ವ್ಯಾಕರಣ ಛಂದಸ್ಸುಗಳನ್ನು ಸ್ವಲ್ಪ ಕಾಲ ಬದಿಗಿಟ್ಟು ಬೇರೆಯ ಪುಸ್ತಕಗಳನ್ನು ತೆರೆಯಬೇಕಾಯಿತು.

ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತ 1758ರಲ್ಲಿ ಈ ಚಿಟ್ಟೆಗೆ ‘ಕ್ರಿಸಿಪ್ಪಸ್’ ಎಂದು ನಾಮಕರಣ ಮಾಡಿದ. ಇಂದು ವಿಜ್ಞಾನಿಗಳು ಇದನ್ನು ‘ಡನಾಸ್ ಕ್ರಿಸಿಪ್ಪಸ್’ ಎನ್ನುತ್ತಾರೆ. ಗ್ರೀಕರ ಪುರಾಣದಲ್ಲಿ ಡನಾಸ್ ಎಂಬವನು ಆಫ್ರಿಕಾದ ಲಿಬಿಯವನ್ನು ಆಳಿದ ಅರಸು. ಅವನಿಗೆ ಐವತ್ತು ಜನ ಹೆಣ್ಣುಮಕ್ಕಳು. ಅವನ ಅವಳಿ ಸೋದರ ಈಜಿಪ್ಟಸನಿಗೆ ಐವತ್ತು ಗಂಡುಮಕ್ಕಳು, ಅವರಲ್ಲೊಬ್ಬ ಕ್ರಿಸಿಪ್ಪಸ್. ಮದುವೆಯ ರಾತ್ರಿ ತಂದೆಯ ಆಜ್ಞೆಯಂತೆ ನಾಲ್ವತ್ತೊಂಬತ್ತು ಮದುಮಗಳಂದಿರು ತಮ್ಮ ಗಂಡಂದಿರನ್ನು ಕೊಂದರೆಂದು ಕಥೆ. ಇಂತಹ ಘೋರ ಸಂಸಾರದ ಹೆಸರನ್ನು ಹೊತ್ತುಕೊಂಡು ಈ ಬಡಪಾಯಿ ಎರಡೂವರೆ ಶತಮಾನಕ್ಕೂ ಮಿಕ್ಕಿ ಹೂವಿನಿಂದ ಹೂವಿಗೆ ಹಾರುತ್ತಿದೆ. ಹೆಸರುಗಳೂ ಒಂದೆರಡಲ್ಲ. ಆಫ್ರಿಕಾದ ಪುಸ್ತಕಗಳಲ್ಲಿ ಇದು ‘ಆಫ್ರಿಕನ್ ಮೊನಾರ್ಕ್’. ಕೆಲವರು ‘ಆಫ್ರಿಕನ್ ಕ್ವೀನ್’ ಎನ್ನುವುದೂ ಉಂಟು. ಅಲ್ಲಿಗೆ ಒಂದೇ ಜೀವ ಅರಸನೂ ಆಯಿತು, ಅರಸಿಯೂ ಆಯಿತು. ಭಾರತದ ಪುಸ್ತಕಗಳಲ್ಲಿ ಅದೇ ‘ಪ್ಲೇನ್ ಟೈಗರ್’. ಎಂದರೆ ಪಟ್ಟೆಯಿಲ್ಲದ ಸಾದಾ ಹುಲಿ. ಆಫ್ರಿಕಾದ ಉಷ್ಣವಲಯದಲ್ಲಿ ಅರಸನಾಗಿದ್ದವನು ನಮ್ಮಲ್ಲಿಗೆ ಬರುವಾಗ ಹುಲಿಯಾದ!

ಆಫ್ರಿಕಾ ಖಂಡದ ಬಹುಭಾಗ, ಅರೇಬಿಯ, ಭಾರತ, ಅಲ್ಲಿಂದ ಮುಂದಕ್ಕೆ ಪೂರ್ವ ಏಷ್ಯದವರೆಗೂ ಇದರ ಸಂಸಾರ ಹರಡಿದೆ. ಆಫ್ರಿಕಾದಲ್ಲಿ ಇದರ ಉಡುಪು ಊರೂರಿಗೆ ಬೇರೆ. ಪಶ್ಚಿಮ ಭಾಗದಲ್ಲಿ ಹಿಂದಿನ ರೆಕ್ಕೆ ಬೆಳ್ಳಗೆ. ಪೂರ್ವದ ಕೆಲವೆಡೆ ರೆಕ್ಕೆಯ ತುದಿಯ ಕಪ್ಪೇ ಇಲ್ಲ. ಕೆನ್ಯದ ನೈರೋಬಿಯ ಸುತ್ತ ಈ ಬಗೆಗಳೆಲ್ಲ ಸಂತೆಯಂತೆ ಬಂದು ಕೂಡುತ್ತವೆ; ಅಲ್ಲಿ ಕೆಲವು ತಾಯಿಚಿಟ್ಟೆಗಳ ಒಡಲಿನಲ್ಲಿ ಸೇರಿಕೊಂಡಿರುವ ಒಂದು ಸೂಕ್ಷ್ಮಜೀವಿ ಗಂಡುಮರಿಗಳನ್ನೆಲ್ಲ ಕೊಂದು ಹೆಣ್ಣುಗಳನ್ನಷ್ಟೆ ಉಳಿಸುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿತ್ರ. ಈಜಿಪ್ಟಿನ ಥೀಬ್ಸ್ ನಗರದಲ್ಲಿ ಕ್ರಿಸ್ತನಿಗೂ ಸುಮಾರು 1350 ವರ್ಷಗಳ ಮುಂಚೆ ನೆಬಾಮುನ್ ಎಂಬೊಬ್ಬ ಅಧಿಕಾರಿಯಿದ್ದ. ಧಾನ್ಯದ ಲೆಕ್ಕ ಬರೆಯುವುದು ಅವನ ಉದ್ಯೋಗ. ಅವನ ಸಮಾಧಿಯ ಗೋಡೆಯ ಮೇಲಿದ್ದ ಚಿತ್ರವೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ನೆಬಾಮುನ್ ಜೊಂಡಿನ ನಡುವೆ ದೋಣಿಯ ಮೇಲೆ ನಿಂತು ಹಕ್ಕಿಗಳ ಬೇಟೆಯಾಡುತ್ತಿದ್ದಾನೆ. ಹಿಂದೆ ಹೆಂಡತಿ, ಅವನ ಕಾಲುಗಳ ನಡುವೆ ಕುಳಿತು ಕಾಲನ್ನು ಹಿಡಿದುಕೊಂಡಿರುವ ಪುಟ್ಟ ಮಗಳು. ಸುತ್ತ ಹಾರುವ ಹಕ್ಕಿಗಳ ನಡುವೆ ನಮ್ಮ ಹಿತ್ತಿಲಿನ ಈ ಕಾವಿಯ ಚಿಟ್ಟೆ, ಕಪ್ಪು ತುದಿ ಬಿಳಿಯ ಪಟ್ಟಿಗಳ ಸಮೇತ! ಚಿತ್ರವನ್ನು ಮಗಳಿಗೆ ತೋರಿಸಿದೆ. “ಆ ಹುಡುಗಿ ಪಾತರಗಿತ್ತಿ ನೋಡವಲ್ಲಳು, ಅಪ್ಪನ ಕಾಲು ಹಿಡಕೊಂಡಾಳ” ಎಂದು ಅವಳು ಆಕ್ಷೇಪಿಸಿದಳು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೊಸ ಪಾಂಡಿತ್ಯವನ್ನು ಹೊರಹಾಕಿದೆ. ನಮ್ಮ ತಟ್ಟೆಯಲ್ಲಿದ್ದ ಜೋಳದ ರೊಟ್ಟಿಯ ಮೂಲ ಆಫ್ರಿಕಾ, ಸಜ್ಜೆಯೂ ಅಲ್ಲಿಯದೇ, ಪಲ್ಯದೊಳಗಿನ ಅಲಸಂದೆಯೂ ಅಲ್ಲಿಯದೇ, ಸಾರಿಗೆ ಹಿಂಡಿದ ಹುಣಸೆಹಣ್ಣಿನ ಮರವೂ ಅಲ್ಲಿಂದಲೇ ಬಂದದ್ದು ಎಂದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಜ್ವಾಳ ನಮ್ದಲ್ಲೇನು? ನಮ್ಮಪ್ಪ, ಅವರಪ್ಪ, ಎಲ್ಲಾರೂ ಎರೆ ಹೊಲದಾಗ ಬೆಳದಾರ!”

“ಬಂದು ನಾಲ್ಕು ಸಾವಿರ ವರ್ಷದ ಹತ್ರ ಆಗ್ಯದವ್ವಾ.”

“ನಾಲ್ಕು ಸಾವಿರ ವರ್ಷ ಮನ್ಯಾಗಿದ್ದವರನ್ನ ಯಾರಾರ ಬೀಗರು ಅಂತಾರೇನೋ?” ಎಂದು ಅವಳು ಮತ್ತೆ ರೊಟ್ಟಿ ತಟ್ಟತೊಡಗಿದಳು.

ಅವ್ವನ ಆ ಮಾತು ಬಹಳ ಹೊತ್ತು ನನ್ನ ಕಿವಿಯಲ್ಲಿತ್ತು. ಧಾನ್ಯಗಳಷ್ಟೇ ಅಲ್ಲ, ಮನುಷ್ಯರೂ ಆ ಕಡಲನ್ನು ದಾಟಿ ಬಂದಿದ್ದಾರೆ. ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಆಫ್ರಿಕಾ ಮೂಲದ ಹಬಶಿಗಳು ದೊಡ್ಡ ಅಧಿಕಾರಗಳಲ್ಲಿದ್ದರು. ಹದಿನೇಳನೆಯ ಶತಮಾನದಲ್ಲಿ ನಮ್ಮ ನೆರೆಯ ಆದವಾನಿಯ ಕೋಟೆಯನ್ನು ಆಳಿದ ಸಿದ್ದಿ ಮಸೂದ್ ಅಂತಹವನೊಬ್ಬ. ಇನ್ನೂ ಅನೇಕರು ಗುಲಾಮರಾಗಿ ಬಂದರು. ಅವರ ಸಂತತಿಯವರಾದ ಸಿದ್ದಿಗಳು ಇಂದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಂಚಿನಲ್ಲಿ ತಲೆತಲಾಂತರಗಳಿಂದ ಬೇಸಾಯ ಮಾಡಿಕೊಂಡಿದ್ದಾರೆ. ಆದರೂ ಅವರನ್ನು ಕಂಡೊಡನೆ “ಯಾವ ದೇಶದವರು?” ಎಂದು ಕೇಳುವ ಜನ ನಮ್ಮಲ್ಲಿ ಕಡಮೆಯಿಲ್ಲ. ಜೋಳಕ್ಕೆ ಕೊಟ್ಟ ಸಲಿಗೆಯನ್ನು ನಾವು ಮನುಷ್ಯರಿಗೆ ಅಷ್ಟು ಸುಲಭವಾಗಿ ಕೊಡುವುದಿಲ್ಲ.

ಹೀಗೆ ನಾನು ‘ನಮ್ಮದು’, ‘ಅವರದು’ ಎಂಬ ಪದಗಳನ್ನು ತೂಗುತ್ತ ಕುಳಿತಿದ್ದಾಗ ಮಗಳು ಬೇರೆಯೇ ಕೆಲಸದಲ್ಲಿ ತೊಡಗಿದ್ದಳು. ಎಕ್ಕದ ಎಲೆಗಳ ಅಡಿಯಲ್ಲಿ ಒಂದೊಂದಾಗಿ ಇಟ್ಟಿದ್ದ ಮೊಟ್ಟೆಗಳು ಒಡೆದು ಹುಳುಗಳು ಹೊರಬಂದಿದ್ದುವು. ಬಿಳಿ, ಕಪ್ಪು, ಹಳದಿಯ ಉಂಗುರಗಳನ್ನು ತೊಟ್ಟ, ಬೆನ್ನ ಮೇಲೆ ಮೂರು ಜೊತೆ ಕರಿಯ ಎಳೆಗಳನ್ನು ನಿಮಿರಿಸಿಕೊಂಡ ಚೆಲುವ ಹುಳುಗಳು. ಗಿಡದಲ್ಲಿ ಐದು ಇವೆಯೆಂದು ಅವಳ ಲೆಕ್ಕ. ಇನ್ನೆರಡನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಿದ್ದಳು.

ಆ ಹುಳುವಿನ ಜಾಣತನವನ್ನು ಇಲ್ಲಿ ಹೇಳಬೇಕು. ಎಕ್ಕದ ಎಲೆಯನ್ನು ಎಲ್ಲಿ ಮುರಿದರೂ ಅಂಟು ಹಾಲು ಉಕ್ಕುತ್ತದೆ. ಅದು ಗಿಡದ ಆಯುಧ. ಅದರಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷಗಳಿವೆ. ಹುಳು ಒಮ್ಮೆಗೇ ಎಲೆಗೆ ಬಾಯಿ ಹಾಕುವುದಿಲ್ಲ. ಮೊದಲು ಎಲೆಯ ನಡುನರವನ್ನು ಕಚ್ಚಿ ಹಾಲನ್ನು ಅಲ್ಲಿಯೇ ಸುರಿದುಹೋಗಗೊಟ್ಟು, ಆಮೇಲೆ ಹಾಲಿನ ಒತ್ತಡವಿಲ್ಲದ ತುದಿಯ ಭಾಗವನ್ನು ನಿಶ್ಚಿಂತೆಯಿಂದ ತಿನ್ನುತ್ತದೆ. ಗಿಡದ ಕಹಿಯಲ್ಲಿ ಸ್ವಲ್ಪವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದೂ ಉಂಟು. ಅದೇ ಮುಂದೆ ಚಿಟ್ಟೆಯಾದಾಗ ಅದರ ಕವಚ. ಅನುಭವವಿಲ್ಲದ ಹಕ್ಕಿ ಒಮ್ಮೆ ಕಚ್ಚಿ, ಕಹಿಯುಂಡು, ಉಗುಳಿ, ಮತ್ತೆ ಆ ಕಾವಿ ಬಣ್ಣದ ತಂಟೆಗೆ ಹೋಗುವುದಿಲ್ಲ. ಅದು ಹಾರುವಾಗ ಅವಸರಪಡದ ಗುಟ್ಟು ಇದೇ.

ಹುಳುವಿಗೆ ತಿಳಿದಿದ್ದ ಈ ಎಚ್ಚರ ನನ್ನ ಮಗಳಿಗೆ ತಿಳಿದಿರಲಿಲ್ಲ. ಅವಳಿಗೆ ತಿಳಿಸಬೇಕಾಗಿದ್ದವನು ನಾನು. ಈಜಿಪ್ಟಿನ ಕಥೆಯನ್ನೆಲ್ಲ ಹೇಳಿದವನು ಎಕ್ಕದ ಹಾಲಿನ ವಿಷಯವನ್ನು ಹೇಳಲು ಮರೆತಿದ್ದೆ.

ಒಂದು ಭಾನುವಾರ ಸಂಜೆ ಪೆಟ್ಟಿಗೆಯ ಹುಳುಗಳಿಗೆ ಎಲೆ ಮುಗಿದಿತ್ತು. ಅವಳು ತಾನೇ ಹೋಗಿ ಟೊಂಗೆಯನ್ನು ಮುರಿದಳು. ಅದೇ ಕೈಯಿಂದ ಕಣ್ಣುಜ್ಜಿಕೊಂಡಳು. ಉರಿಯಿತಂತೆ, ಸ್ವಲ್ಪ ನೀರು ಹಾಕಿಕೊಂಡಳಂತೆ, ಬೈದಾರೆಂದು ಯಾರಿಗೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಗೋಡೆಯ ಮೇಲಿನ ಪಂಚಾಂಗದ ಮುಂದೆ ನಿಂತು, “ಅಪ್ಪಾ, ಇವತ್ತು ಮಂಜು ಬಿದ್ದದೇನು?” ಎಂದು ಕೇಳಿದಳು. ರಾಯಚೂರಿನಲ್ಲಿ ಶ್ರಾವಣದ ಬೆಳಗಿನಲ್ಲಿ ಮಂಜೆಲ್ಲಿಂದ ಬರಬೇಕು? ಎಡಗಣ್ಣನ್ನು ಮುಚ್ಚಿದರೆ ಸರಿಯಾಗಿ ಕಾಣುತ್ತದೆ. ಬಲಗಣ್ಣನ್ನು ಮುಚ್ಚಿದರೆ ಎಲ್ಲವೂ ಹೊಗೆ.

ಆ ಗಳಿಗೆಯಲ್ಲಿ ನನ್ನ ಎದೆಯಲ್ಲಿ ಆದುದನ್ನು ಬರೆಯುವ ಶಕ್ತಿ ನನಗಿಲ್ಲ. ಕಾಲೇಜಿಗೆ ರಜೆ ಹೇಳಿ ಅವಳನ್ನೆತ್ತಿಕೊಂಡು ಕಣ್ಣಿನ ವೈದ್ಯರಲ್ಲಿಗೆ ಓಡಿದೆ. ಅವರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಎಕ್ಕದ ಹಾಲು ತಗುಲಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ತಿಳಿಪೊರೆ ಬಾತು ಮಸುಕಾಗುತ್ತದೆಂದರು. ನೋವು ಅಷ್ಟಾಗಿ ಇರುವುದಿಲ್ಲ, ನೋಟ ಮಾತ್ರ ಮಂಜಾಗುತ್ತದೆ. ನೋವಿಲ್ಲವೆಂದು ಜನ ಅಸಡ್ಡೆ ಮಾಡುವುದೇ ಅಪಾಯ. ಹಾಲು ಬಿದ್ದ ಕೂಡಲೆ ಶುದ್ಧವಾದ ನೀರಿನಿಂದ ಬಹಳ ಹೊತ್ತು ತೊಳೆಯಬೇಕು, ಮನೆಮದ್ದಿಗೆ ಕೈಹಾಕದೆ ವೈದ್ಯರಲ್ಲಿಗೆ ಬರಬೇಕು ಎಂದು ತಿಳಿಹೇಳಿದರು. ಹನಿಮದ್ದು ಬರೆದುಕೊಟ್ಟು, “ಸರಿಯಾಗುತ್ತದೆ ಮೇಷ್ಟ್ರೇ, ದಿನ ಹಿಡಿಯುತ್ತದೆ” ಎಂದರು.

ಮನೆಗೆ ಬಂದವನೇ ಕೊಡಲಿಯನ್ನು ಹುಡುಕಿದೆ. ವರ್ಷಗಳಿಂದ ಯಾವ ತೀರ್ಮಾನವನ್ನೂ ಕೊಡದಿದ್ದ ಅಧ್ಯಕ್ಷ ಅಂದು ಐದು ನಿಮಿಷದಲ್ಲಿ ತೀರ್ಪುಕೊಟ್ಟ. ಗಿಡವನ್ನು ಬುಡದವರೆಗೂ ಕಡಿದು, ಟೊಂಗೆಗಳನ್ನು ಎಳೆದೊಯ್ದು ಬೀದಿಯ ಕೊನೆಯ ಕಸದ ಗುಂಡಿಯ ಬಳಿ ಎಸೆದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಮಾತನ್ನೂ ಆಡಲಿಲ್ಲ. ಹೆಂಡತಿಯೂ ಆಡಲಿಲ್ಲ. ತನ್ನ ಪಕ್ಷ ಗೆದ್ದಿತೆಂಬ ಸಂತೋಷ ಅವಳ ಮುಖದಲ್ಲಿರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಮಲಗಿದ್ದ ಮಗಳು ಕೊಡಲಿಯ ಸದ್ದನ್ನು ಕೇಳಿಸಿಕೊಂಡಿದ್ದಳೆಂದು ತೋರುತ್ತದೆ. ನಾನು ಒಳಕ್ಕೆ ಬಂದಾಗ ಕಣ್ಣಿನ ವಿಷಯವನ್ನು ಕೇಳಲಿಲ್ಲ.

“ಗಿಡದಾಗಿನ ಐದು ಹುಳ ಏನಾದುವಪ್ಪಾ?”

ನಾನು ಉತ್ತರ ಕೊಡಲಿಲ್ಲ. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಅತ್ತಿದ್ದರೆ ಸಮಾಧಾನ ಹೇಳಬಹುದಾಗಿತ್ತು, ಅಳಲೂ ಇಲ್ಲ.

ಆ ಮೌನದೆದುರು ನನ್ನ ಕೋಪ ಹೆಚ್ಚು ಹೊತ್ತು ನಿಲ್ಲಲಾರದೆ ಹೋಯಿತು. ತಪ್ಪು ಯಾರದು? ಗಿಡ ತನ್ನ ಮೂಲೆಯಲ್ಲಿ ನಿಂತಿತ್ತು. ಹುಳು ತನ್ನ ಎಲೆಯನ್ನು ತಿನ್ನುತ್ತಿತ್ತು. ಮಗು ಹಸಿದ ಪ್ರಾಣಿಗೆ ಮೇವು ತರಲು ಹೋಗಿತ್ತು. ತಿಳಿಸಬೇಕಾದವನು ತಿಳಿಸದೆ, ಅದರ ಸೇಡನ್ನು ಬಾಯಿಲ್ಲದ ಗಿಡದ ಮೇಲೆ ತೀರಿಸಿಕೊಂಡಿದ್ದ. ನನ್ನ ಮೇಲೆ ಬರಬೇಕಾದ ಸಿಟ್ಟನ್ನು ಹೊರುವುದಕ್ಕೆ ನನಗೊಂದು ಹೊರಗಿನ ಶತ್ರು ಬೇಕಾಗಿತ್ತು, ಅಷ್ಟೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚು ಹಿಡಿದು ಕಸದ ಗುಂಡಿಗೆ ಹೋದೆ. ಕಾಲೇಜಿನ ಅಧ್ಯಾಪಕನೊಬ್ಬ ಹತ್ತೂವರೆ ಗಂಟೆಯಲ್ಲಿ ಕಸವನ್ನು ಕೆದರುತ್ತಿರುವುದನ್ನು ಕಂಡು ಬೀದಿಯ ನಾಯಿಗಳು ಮಾತ್ರವಲ್ಲ, ಕಿಟಕಿಯಲ್ಲಿ ನಿಂತ ನೆರೆಯವರೂ ಸಂದೇಹಪಟ್ಟರು. “ಏನು ಕಳಕೊಂಡ್ರಿ ಸರ್?” ಎಂದು ಒಬ್ಬರು ಕೇಳಿದರು. “ಹುಳ” ಎಂದರೆ ನನ್ನ ಮಾನ ಉಳಿಯುವಂತಿರಲಿಲ್ಲ. “ಒಂದು ಬೀಗದ ಕೈ” ಎಂದೆ. ಮೂರು ಹುಳುಗಳು ಸಿಕ್ಕಿದುವು. ಉಳಿದೆರಡು ಸಿಕ್ಕಲಿಲ್ಲ. ಅವುಗಳ ಲೆಕ್ಕ ಇಂದಿಗೂ ನನ್ನ ಹೆಸರಿನಲ್ಲಿಯೇ ಇದೆ.

ಮರುದಿನದಿಂದ ಪೆಟ್ಟಿಗೆಯ ಐದು ಬಾಯಿಗಳಿಗೆ ಮೇವು ಒದಗಿಸುವ ಕೆಲಸ ನನ್ನದಾಯಿತು. ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಒಂದು ಒಳ್ಳೆಯ ಎಕ್ಕದ ಗಿಡವನ್ನು ಗುರುತು ಮಾಡಿಕೊಂಡೆ. ಜಗನ್ನಾಥದಾಸರು ಬಾಳಿದ ಮಾನವಿಯಲ್ಲಿ ಕನ್ನಡ ಮೇಷ್ಟ್ರೊಬ್ಬನ ಚೀಲದಲ್ಲಿ ದಾಸರ ಕೃತಿಯಿದ್ದರೆ ಭೂಷಣ. ನನ್ನದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಕ್ಕದ ಎಲೆಗಳು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಅನುಕಂಪದಿಂದ, “ಮೊಣಕಾಲಿಗೇನ್ರಿ ಸರ್? ಸಣ್ಣ ವಯಸ್ಸಿನಾಗ ಬಂತಲ್ಲ! ಎಣ್ಣಿ ಸವರಿ ಬೆಚ್ಚಗ ಮಾಡಿ ಕಟ್ಟಿಕೊಳ್ರಿ” ಎಂದರು. ಹೌದೆಂದು ತಲೆಯಾಡಿಸಿದೆ. ಆ ದಿನಗಳಲ್ಲಿ ನಾನು ಎಷ್ಟು ಸಣ್ಣ ಸುಳ್ಳುಗಳನ್ನು ಹೇಳಿದೆನೆಂಬುದನ್ನು ಹುಳುಗಳೇ ಬಲ್ಲವು.

ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವ ದೃಷ್ಟಿಯೂ ಬದಲಾಯಿತು. ಕಲ್ಲುಭೂಮಿಯಲ್ಲಿ, ಹಳ್ಳದ ದಂಡೆಯಲ್ಲಿ ಎಕ್ಕ ಬೇಕಾದಷ್ಟಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳಾದ ಕಡೆ ಬದುಗಳು ಕಿರಿದಾಗಿವೆ. ಕಳೆನಾಶಕ ಹೊಡೆದ ಆ ಗೆರೆಗಳಲ್ಲಿ ಎಕ್ಕವಿಲ್ಲ. ದೇವದುರ್ಗದ ಕಡೆಗೂ ನಾರಾಯಣಪುರದ ಬಲದಂಡೆ ಕಾಲುವೆ ಬಂದಿದೆ. ಅಜ್ಜನ ಹೊಲದ ಬದುವಿನ ಆ ಸಾಲು ಈಗಿಲ್ಲ. ನೀರು ಬಂದುದನ್ನು ನಾನು ದೂರುವವನಲ್ಲ. ಬರದ ನೆನಪಿರುವ ಸೀಮೆಯವರು ಯಾರೂ ದೂರಲಾರರು. ಆದರೆ ಕೊಡಲಿ ಹಿಡಿದವನು ನಾನೊಬ್ಬನೇ ಅಲ್ಲವೆಂಬುದು ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಒಂದು ವಾರ ಕಳೆಯಿತು. ಮಗಳ ಕಣ್ಣಿನ ಹೊಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಾಗುತ್ತಿತ್ತು. ಒಂದು ಮಧ್ಯಾಹ್ನ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಿದ್ದಾಗ ಕಾವಿಯ ಚಿಟ್ಟೆಯೊಂದು ಹಾರಿ ಬಂತು. “ನೋಡು, ನಿನ್ನ ರಾಜ ತಿರುಗಿ ಬಂದ” ಎಂದೆ, ರಾಜಿಯ ದನಿಯಲ್ಲಿ. ಅವಳು ಕನ್ನಡಕವನ್ನು ತುಸು ಮೇಲೆತ್ತಿ ಒಳ್ಳೆಯ ಕಣ್ಣಿನಿಂದ ನೋಡಿದಳು.

“ಇದು ಅದಲ್ಲಪ್ಪಾ. ಹಿಂದಿನ ರೆಕ್ಕಿ ನಡುವ ಬೊಟ್ಟಿಲ್ಲ.”

ನನಗೆ ಎರಡೂ ಕಣ್ಣುಗಳು ಚೆನ್ನಾಗಿದ್ದುವು. ಆದರೂ ನಾನು ಕಂಡಿರಲಿಲ್ಲ. ಚಿಟ್ಟೆ ಎಕ್ಕದ ಬುಡವನ್ನು ಮೂಸಿಯೂ ನೋಡದೆ, ಅವ್ವ ಪಲ್ಯಕ್ಕೆಂದು ಕುಂಡದಲ್ಲಿ ಬಿಟ್ಟಿದ್ದ ಗೋಣಿಸೊಪ್ಪಿನ ಮೇಲೆ ಇಳಿಯಿತು. ಪುಸ್ತಕ ತೆಗೆದೆವು. ಅದು ‘ಡನಾಯಿಡ್ ಎಗ್‌ಫ್ಲೈ’ ಎಂಬ ಬೇರೊಂದು ಕುಲದ ಹೆಣ್ಣು. ಅದೂ ಆಫ್ರಿಕಾದಲ್ಲಿಯೂ ಇಲ್ಲಿಯೂ ಇರುವ ಜೀವಿ. ಅದರ ಮೈಯಲ್ಲಿ ಕಹಿಯಿಲ್ಲ. ಹಕ್ಕಿಗಳಿಗೆ ಅದು ರುಚಿಯಾದ ತುತ್ತು. ಆದ್ದರಿಂದ ಅದು ಎಕ್ಕದ ಚಿಟ್ಟೆಯ ಉಡುಪನ್ನು ತೊಟ್ಟು, ಅದರ ಹೆಸರಿನ ಭಯದಲ್ಲಿ ಬದುಕುತ್ತದೆ. ಅದರ ಗಂಡು ಮಾತ್ರ ಕರಿಯ ರೆಕ್ಕೆಯ ಮೇಲೆ ನೀಲಿಯ ಹೊಳಪಿನ ಅಂಚಿರುವ ಬಿಳಿಯ ಚಂದ್ರಗಳನ್ನಿಟ್ಟುಕೊಂಡು ಬಹಿರಂಗವಾಗಿಯೇ ತಿರುಗುತ್ತದೆ. ಹೀಗೆ ರುಚಿಯಾದುದು ಕಹಿಯಾದುದರ ವೇಷ ಹಾಕುವುದನ್ನು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ ಎಂಬವನು ಅಮೆಜಾನಿನ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದು, 1862ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಲೋಕಕ್ಕೆ ವಿವರಿಸಿದ. ಅವನು ಅಮೆಜಾನಿನಲ್ಲಿ ಕಂಡಂತಹುದನ್ನೇ ನನ್ನ ಮಗಳು ಒಂದೇ ಕಣ್ಣಿನಿಂದ ರಾಯಚೂರಿನ ಹಿತ್ತಿಲಲ್ಲಿ ಕಂಡಳು.

ಮನಸ್ಸಿನಲ್ಲಿಯೇ ಆ ಹೆಣ್ಣುಚಿಟ್ಟೆಗೆ ನಮಸ್ಕಾರ ಮಾಡಿದೆ. ಬಲ್ಲವರ ಉಡುಪನ್ನು ತೊಟ್ಟು ಕ್ಷೇಮವಾಗಿ ಹಾರುವ ವಿದ್ಯೆ ನನಗೂ ಹೊಸದಲ್ಲ.

ಹುಳುಗಳು ಒಂದೊಂದಾಗಿ ಪೆಟ್ಟಿಗೆಯ ಮುಚ್ಚಳದಿಂದ ತಲೆಕೆಳಗಾಗಿ ಜೋತು, ಪೊರೆ ಕಳಚಿ, ಚಿನ್ನದ ಚುಕ್ಕೆಗಳಿರುವ ತಿಳಿಹಸಿರು ಕೋಶಗಳಾದುವು. ಐದರಲ್ಲಿ ನಾಲ್ಕು; ಒಂದು ಅರ್ಧದಲ್ಲೇ ಸತ್ತಿತು. ಮತ್ತೊಂದು ವಾರ ಕಳೆಯುವ ಹೊತ್ತಿಗೆ ಕೋಶದ ಹಸಿರು ಮಾಸಿ ಒಳಗಿನ ಕಾವಿ ಬಣ್ಣ ಕಾಣತೊಡಗಿತು. ಆ ಭಾನುವಾರ ಬೆಳಗ್ಗೆ ಮಗಳೇ ನನ್ನನ್ನು ಎಬ್ಬಿಸಿದಳು. ವೈದ್ಯರು ಹಿಂದಿನ ದಿನ ತಾನೆ ಎಡಗಣ್ಣನ್ನು ಪರೀಕ್ಷಿಸಿ, ಗೋಡೆಯ ಮೇಲಿನ ಹಲಗೆಯ ಕೊನೆಯ ಸಾಲಿನವರೆಗೂ ಓದಿಸಿ, ಇನ್ನು ಭಯವಿಲ್ಲವೆಂದಿದ್ದರು.

ನಾವಿಬ್ಬರೂ ಮಾತಿಲ್ಲದೆ ಕುಳಿತೆವು. ಕೋಶ ಬಿರಿಯಿತು. ಒದ್ದೆಯಾದ, ಮುದುರಿದ ಒಂದು ಜೀವ ಹೊರಬಂದು ಸಿಪ್ಪೆಯನ್ನು ಹಿಡಿದು ಜೋತಾಡಿತು. ನೋಡನೋಡುತ್ತಿದ್ದಂತೆ ರೆಕ್ಕೆಗಳು ಹಿಗ್ಗಿದುವು. ಒಂದು ಗಂಟೆಯಾದ ಮೇಲೆ ಅದು ರೆಕ್ಕೆಗಳನ್ನು ಬಿಡಿಸಿದಾಗ ಮಗಳು ಬಗ್ಗಿ ಎಣಿಸಿದಳು. “ಹಿಂದಿನ ರೆಕ್ಕಿ ನಡುವ ನಾಲ್ಕು ಬೊಟ್ಟು. ಗಂಡು.” ಹೆಣ್ಣಿಗಾದರೆ ಮೂರೇ. ಅವಳು ಎರಡೂ ಕಣ್ಣುಗಳಿಂದ ಎಣಿಸಿದಳೆಂಬುದಷ್ಟೇ ನನಗೆ ಆಗ ಸಾಕಾಗಿತ್ತು. ನೆಬಾಮುನ್ನನ ಮಗಳು ನೋಡದೆ ಬಿಟ್ಟ ಚಿಟ್ಟೆಯನ್ನು ಇವಳು ನೋಡಿದಳು.

ಅದು ಹಾರಿ, ಗೋಡೆಯ ಮೂಲೆಯನ್ನು ಒಮ್ಮೆ ಸುತ್ತಿ ಹೊರಟುಹೋಯಿತು. ಆ ಮೂಲೆಯಲ್ಲಿ ಕಡಿದ ಬುಡದಿಂದ ಬೂದುಹಸಿರಿನ ಎರಡು ಜೊತೆ ಎಲೆಗಳು ಆಗಲೇ ಚಿಗುರಿದ್ದುವು. ಎಕ್ಕವನ್ನು ಕಡಿಯುವುದು ಸುಲಭ, ಕೊಲ್ಲುವುದು ಸುಲಭವಲ್ಲ. ಮನೆಯಲ್ಲಿ ಈಗ ಎರಡು ಪಕ್ಷಗಳಿಲ್ಲ, ಒಂದು ನಿಯಮವಿದೆ. ಎಲೆಯನ್ನಾಗಲಿ ಹೂವನ್ನಾಗಲಿ ದೊಡ್ಡವರೇ ಕೀಳತಕ್ಕದ್ದು. ಕಿತ್ತೊಡನೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ನಿಯಮವನ್ನು ಮಾಡಿದವಳು ನನ್ನ ಹೆಂಡತಿ. ಚಿಗುರಿಗೆ ಆಡು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿಸಿದವಳೂ ಅವಳೇ.

ಮಗಳ ನೋಟುಪುಸ್ತಕವನ್ನು ಮೊನ್ನೆ ತೆರೆದು ನೋಡಿದೆ. ‘ನಮ್ಮದೋ ಅವರದೋ’ ಎಂಬ ಅವಳ ಪ್ರಶ್ನೆಗೆ ನಾನು ಇನ್ನೂ ಉತ್ತರ ಹೇಳಿರಲಿಲ್ಲ. ಹೇಳಲು ನೆನೆದ ಮಾತುಗಳೆಲ್ಲ ತರಗತಿಯ ಉಪನ್ಯಾಸದಂತೆ ಉದ್ದವಾಗಿದ್ದುವು. ಅವಳು ಕಾದಿರಲಿಲ್ಲ. ‘ಊರು’ ಎಂಬ ಮನೆಯಲ್ಲಿದ್ದ ‘ಆಫ್ರಿಕಾ’ವನ್ನು ರಬ್ಬರಿನಿಂದ ಅಳಿಸಿದ್ದಳು. ‘ರಾಯಚೂರು’ ಎಂದು ಬರೆದಿರಬಹುದೆಂದುಕೊಂಡೆ. ಅದೂ ಇರಲಿಲ್ಲ.

‘ಎಕ್ಕದ ಗಿಡ’ ಎಂದು ಬರೆದಿದ್ದಳು.